ಬಿಗಿದುಕೊಂಡ ವಾಲ್ವು: ಬಲಕ್ಕಿಂತ ತಾಳ್ಮೆ ಮೇಲು

ಮುಂಬಯಿಯಲ್ಲಿ ನೆಲೆಸಿದ ನಮ್ಮವರಿಗೆ ನೀರಿನ ಬೆಲೆಯನ್ನು ಹೇಳಬೇಕಾದುದಿಲ್ಲ. ಗೊತ್ತಾದ ವೇಳೆಗೆ ಬರುವ ನೀರನ್ನು ತುಂಬಿಟ್ಟ ಬಳಿಕವೇ ಹೋಟೆಲಿನ ಪಾಳಿಗಾಗಲಿ ಕಚೇರಿಗಾಗಲಿ ಹೊರಡುವವರು ನಾವು. ಇಂತಹ ಊರಿನಲ್ಲಿ ಕೊಳವೆ ಸೀಳಿ ನೀರು ಕೆಳಮನೆಯವರ ಹಾಸಿಗೆಯ ಮೇಲೆ ಸುರಿಯತೊಡಗಿದರೆ, ವಾಲ್ವನ್ನು ಮುಚ್ಚುವುದೊಂದೇ ಉಪಾಯ. ಆ ಹೊತ್ತಿಗೆ ಅದು ತಿರುಗದಿದ್ದರೆ ಗತಿಯೇನು? ಒಮ್ಮೆ ನಮಗೂ ಈ ಪ್ರಸಂಗ ಒದಗಿತ್ತು. ಗಾಬರಿಯಿಂದ ಇಕ್ಕಳ ಹಾಕಿ ತಿರುಚಿದೆವು. ಚಕ್ರ ಮುರಿದು ಕೈಗೆ ಬಂದಿತೇ ಹೊರತು ನೀರು ನಿಲ್ಲಲಿಲ್ಲ.

ಬಳಸದಿರುವುದೇ ಈ ರೋಗದ ಮೂಲ. ವರ್ಷಗಟ್ಟಲೆ ಮುಟ್ಟದ ವಾಲ್ವಿನೊಳಗೆ ನೀರಿನ ಸುಣ್ಣಾಂಶ ಗಟ್ಟಿಯಾಗಿ ಕೂಡುತ್ತದೆ. ಲೋಹಕ್ಕೆ ಕಿಲುಬು ಹಿಡಿಯುತ್ತದೆ. ದಂಡದ ಸುತ್ತಲಿನ ಪ್ಯಾಕಿಂಗು ಒಣಗಿ ದಂಡವನ್ನೇ ಕಚ್ಚುತ್ತದೆ.

ಹಿತ್ತಾಳೆಯ ಗೇಟ್ ವಾಲ್ವಾದರೆ ಹೀಗೆ ಮಾಡಬೇಕು. ನೀರಿನ ವೇಳೆ ಮುಗಿದ ಮೇಲೆ, ಸಾಧ್ಯವಿದ್ದರೆ ಮೇಲಿನ ತೊಟ್ಟಿಯ ಮುಖ್ಯ ವಾಲ್ವನ್ನು ಮುಚ್ಚಿಸಿ, ನೆರೆಯವರಿಗೆ ತಿಳಿಸಿ ಕೆಲಸಕ್ಕೆ ತೊಡಗಬೇಕು. ಚಕ್ರದ ಕೆಳಗೆ ದಂಡವನ್ನು ಸುತ್ತಿರುವ ನಟ್ಟನ್ನು ಕಾಲು ಸುತ್ತಿನಷ್ಟು ಮಾತ್ರ ಸಡಿಲಿಸಬೇಕು. ದಂಡದ ಬುಡಕ್ಕೆ ತುಕ್ಕು ಬಿಡಿಸುವ ಎಣ್ಣೆಯ ಎರಡು ಹನಿ ಬಿಟ್ಟು ಅರ್ಧ ಗಂಟೆ ಕಾಯಬೇಕು. ಬಿಸಿನೀರಿನಲ್ಲಿ ಅದ್ದಿದ ಬಟ್ಟೆಯನ್ನು ಸುತ್ತಿದರೆ ಲೋಹ ಹಿಗ್ಗಿ ಹಿಡಿತ ಸಡಿಲವಾಗುವುದುಂಟು, ಬೆಂಕಿಯನ್ನಂತೂ ತೋರಿಸಲೇಬಾರದು. ಬಳಿಕ ಒಂದು ಸ್ಪ್ಯಾನರಿನಿಂದ ವಾಲ್ವಿನ ಒಡಲನ್ನು ಅಲುಗದಂತೆ ಹಿಡಿದು, ಚಕ್ರವನ್ನು ಕೂದಲೆಳೆಯಷ್ಟು ಅತ್ತ, ಕೂದಲೆಳೆಯಷ್ಟು ಇತ್ತ ತಿರುಗಿಸಬೇಕು. ಒಡಲನ್ನು ಹಿಡಿಯದಿದ್ದರೆ ಗೋಡೆಯೊಳಗಿನ ಕೊಳವೆಯೇ ತಿರುಚಿ ಒಡೆದೀತು. ಸಡಿಲವಾದೊಡನೆ ಕೆಲವು ಸಲ ಪೂರ್ತಿ ತೆರೆದು ಮುಚ್ಚಿ, ನಟ್ಟನ್ನು ಜಿನುಗು ನಿಲ್ಲುವಷ್ಟು ಬಿಗಿಯಬೇಕು. ಮೊದಲು ಬರುವ ಕಂದು ನೀರನ್ನು ಕುಡಿಯಲು ಹಿಡಿಯಬಾರದು.

ಪ್ಲಾಸ್ಟಿಕ್ಕಿನ ವಾಲ್ವಿಗೆ ಈ ಎಣ್ಣೆಯೂ ಬೇಡ, ಬಿಸಿಯೂ ಬೇಡ. ಎರಡರಿಂದಲೂ ಅದು ಕೆಡಬಹುದು. ಕೈಯಿಂದ ಮೆಲ್ಲನೆ ತಿರುಗದಿದ್ದರೆ ಬದಲಿಸುವುದೇ ಲೇಸು. ದಂಡ ತಿರುಗುತ್ತಿದ್ದರೂ ನೀರು ನಿಲ್ಲದಿದ್ದರೆ ಒಳಗಿನ ತಡೆ ಕಳಚಿದೆಯೆಂದೇ ತಿಳಿದು ಪ್ಲಂಬರನನ್ನು ಕರೆಯಬೇಕು.

ಗೇಟ್ ವಾಲ್ವನ್ನು ಪೂರ್ತಿ ತೆರೆದ ಮೇಲೆ ಕಾಲು ಸುತ್ತು ಹಿಂದಕ್ಕೆ ತಿರುಗಿಸಿಟ್ಟರೆ ಅದು ಮರಳಿ ಕಚ್ಚುವ ಸಂಭವ ಕಡಿಮೆ. ಯುಗಾದಿಗೊಮ್ಮೆ, ದೀಪಾವಳಿಗೊಮ್ಮೆ ಅದನ್ನು ತಿರುಗಿಸಿ ನೋಡುವ ಪದ್ಧತಿಯನ್ನು ಓದುಗರು ಇಟ್ಟುಕೊಳ್ಳಲೆಂದು ನಮ್ಮ ಬಿನ್ನಹ. ಎರಡು ನಿಮಿಷದ ಈ ಕೆಲಸ, ಅಪರಾತ್ರಿಯಲ್ಲಿ ಕೆಳಮನೆಯವರ ಮುಂದೆ ತಲೆ ತಗ್ಗಿಸಿ ನಿಲ್ಲುವ ಕಷ್ಟವನ್ನು ತಪ್ಪಿಸೀತು.