ಹುಡುಗರು ಬದುಕಿದರು, ರಸ್ತೆಯೂ ಬಚಾವಾಯ್ತು!

ಬೆಳಗಾದರೆ ನ್ಯೂಸ್ ರೂಮಿಗೆ ಇಂಥದ್ದೊಂದು ವಿಡಿಯೊ ಬಂದೇ ಬರುತ್ತೆ. ಗದ್ದೆಯಲ್ಲಿ ತಲೆಕೆಳಗಾಗಿ ಬಿದ್ದ ಕಾರು, ಇನ್ನೂ ತಿರುಗುತ್ತಿರುವ ಚಕ್ರ, ಒಡೆದ ಕಿಟಕಿಯಿಂದ ತೆವಳಿಕೊಂಡು ಹೊರಗೆ ಬರುವ ಇಬ್ಬರು ಹುಡುಗರು. ಒಬ್ಬನ ಹಣೆ ಮೇಲೊಂದು ಗೀರು, ಇನ್ನೊಬ್ಬನ ಕಾಲಲ್ಲಿ ಒಂದೇ ಚಪ್ಪಲಿ. ತಕ್ಷಣ ಪರದೆ ಮೇಲೆ ದಪ್ಪಕ್ಷರ: ‘ಸಾವನ್ನೇ ಗೆದ್ದ ಯುವಕರು!’ ನಾನೂ ಎಷ್ಟೋ ಸಲ ಓದಿದ್ದೀನಿ ಅದನ್ನ. ಇಪ್ಪತ್ತು ಸೆಕೆಂಡ್ ಸುದ್ದಿ. ಮುಂದೆ ಹವಾಮಾನ.

ಮೊನ್ನೆ ಅಂಥದ್ದೇ ಒಂದು ಬಂದಾಗ ಡೆಸ್ಕಿನ ಹುಡುಗ ಒಂದು ಮಾತು ಹೇಳಿದ. ‘ಸಾರ್, ಇದೇ ಜಾಗದ್ದು ನಮ್ಮ ಹತ್ರ ಇನ್ನೂ ಎರಡಿದೆ.’ ತೆಗೆಸಿ ನೋಡಿದೆ. ಅದೇ ತಿರುವು, ಅದೇ ವಾಲಿದ ತೆಂಗಿನಮರ, ಕಾರು ಮಾತ್ರ ಬೇರೆ. ಮೂರು ಸಲವೂ ಓಡಿಸ್ತಾ ಇದ್ದಿದ್ದು ಇಪ್ಪತ್ತು ಇಪ್ಪತ್ತೆರಡರ ಹುಡುಗರು. ಮೂರು ಸಲವೂ ಯಾರೂ ಸಾಯಲಿಲ್ಲ. ಮೂರು ಸಲವೂ ವಿಡಿಯೊ ಕೆಳಗೆ ಒಂದೇ ಮಾತು: ‘ಈಗಿನ ಹುಡುಗರಿಗೆ ಕೊಬ್ಬು!’

ಕೊಬ್ಬು ಇಲ್ಲ ಅಂತ ನಾನು ಹೇಳಲ್ಲ. ಸ್ಪೀಡ್ ಇದ್ದೇ ಇರುತ್ತೆ. ಆದರೆ ಒಂದೇ ಮರದ ಬುಡದಲ್ಲಿ ಮೂರು ಕಾರು ಮಗುಚಿ ಬಿದ್ದರೆ, ಮೂವರಿಗೂ ಅದೇ ಜಾಗಕ್ಕೆ ಬಂದಾಗಲೇ ಕೊಬ್ಬು ಏರಿತಾ ಸ್ವಾಮಿ?

ಮೊದಲು ಒಂದು ವಿಷಯ ತಿಳ್ಕೊಳ್ಳಿ. ಕಾರು ಸುಮ್ಮಸುಮ್ಮನೆ ಪಲ್ಟಿ ಹೊಡೆಯಲ್ಲ. ಎಡ-ಬಲ ಚಕ್ರಗಳ ನಡುವಿನ ಅಗಲದ ಅರ್ಧವನ್ನು, ಗಾಡಿಯ ಭಾರದ ಕೇಂದ್ರ ನೆಲದಿಂದ ಎಷ್ಟು ಎತ್ತರದಲ್ಲಿದೆಯೋ ಅದರಿಂದ ಭಾಗಿಸಿ. ಸಾಧಾರಣ ಕಾರಿಗೆ ಹತ್ತಿರ ಹತ್ತಿರ 1.4 ಬರುತ್ತೆ. ಎತ್ತರದ ಎಸ್‌ಯುವಿಗೆ 1.1, 1.2. ಮೇಲೆ ಕ್ಯಾರಿಯರ್ ಹಾಕಿ ಲಗೇಜು ಹೇರಿದರೆ ಇನ್ನೂ ಕಡಿಮೆ. ಒಣಗಿದ ಡಾಂಬರಿನ ಮೇಲೆ ಟೈರಿಗೆ ಸಿಗುವ ಹಿಡಿತ ಹೆಚ್ಚುಕಡಿಮೆ 0.7, 0.8. ಅಂದರೆ ಉರುಳುವುದಕ್ಕೆ ಬೇಕಾದಷ್ಟು ಬಲ ಬರುವ ಮೊದಲೇ ಟೈರು ಹಿಡಿತ ಬಿಟ್ಟು ಜಾರುತ್ತೆ. ಸಮತಟ್ಟು ರಸ್ತೆಯಲ್ಲಿ ಎಷ್ಟೇ ಹುಚ್ಚಾಗಿ ತಿರುಗಿಸಿದರೂ ಸಾಮಾನ್ಯವಾಗಿ ಕಾರು ಜಾರುತ್ತೆ, ಉರುಳಲ್ಲ.

ಹಾಗಾದರೆ ಉರುಳೋದು ಯಾವಾಗ? ಜಾರುವ ಚಕ್ರವನ್ನು ಯಾವುದೋ ಒಂದು ತಡೆದಾಗ. ಓಡುವವನ ಕಾಲಿಗೆ ಕಲ್ಲು ಸಿಕ್ಕಿದ ಹಾಗೆ. ಕಾಲು ಅಲ್ಲೇ ನಿಲ್ಲುತ್ತೆ, ಮೈ ಮುಂದಕ್ಕೆ ಹೋಗುತ್ತೆ. ಅಮೆರಿಕದ ಹೆದ್ದಾರಿ ಸುರಕ್ಷತಾ ಸಂಸ್ಥೆಯ ಲೆಕ್ಕದಲ್ಲಿ, ಬೇರೆ ಗಾಡಿಯ ಡಿಕ್ಕಿಯಿಲ್ಲದೆ ಒಂಟಿಯಾಗಿ ಪಲ್ಟಿಯಾಗುವ ವಾಹನಗಳಲ್ಲಿ ಸುಮಾರು 95% ಹೀಗೆ ಎಡವಿಯೇ ಬೀಳೋದು. ಎಡವಿಸುವುದು ಏನು? ಮೀಡಿಯನ್ ಕಲ್ಲು, ಮೆತ್ತನೆ ಮಣ್ಣು, ತೆರೆದ ಚರಂಡಿ, ಡಾಂಬರಿನ ಅಂಚು. ಇವೆಲ್ಲ ಡ್ರೈವರ್ ತಂದಿಟ್ಟ ವಸ್ತುಗಳಲ್ಲ.

ಈ ಡಾಂಬರಿನ ಅಂಚು ಅನ್ನೋದಿದೆಯಲ್ಲ, ಅದರ ಕತೆ ಸ್ವಲ್ಪ ಹೇಳಬೇಕು. ನಮ್ಮಲ್ಲಿ ರಸ್ತೆ ಹಾಳಾದರೆ ಏನು ಮಾಡ್ತಾರೆ? ಹಳೇ ಡಾಂಬರಿನ ಮೇಲೆ ಹೊಸ ಡಾಂಬರು. ಮುಂದಿನ ಸಲ ಅದರ ಮೇಲೆ ಇನ್ನೊಂದು. ರಸ್ತೆ ದೋಸೆ ಮೇಲೆ ದೋಸೆ ಹಾಕಿದ ಹಾಗೆ ಎತ್ತರ ಆಗುತ್ತಾ ಹೋಗುತ್ತೆ, ಪಕ್ಕದ ಮಣ್ಣಿನ ಅಂಚು ಮಾತ್ರ ಅಲ್ಲೇ ಇರುತ್ತೆ, ಮಳೆಗೆ ಇನ್ನಷ್ಟು ಕೊಚ್ಚಿಹೋಗುತ್ತೆ. ಕೊನೆಗೆ ಒಂದು ಗೇಣು ಇಳುಕಲು. ಎದುರಿನ ಬಸ್ಸಿಗೆ ದಾರಿ ಬಿಡೋಕೆ ಹುಡುಗ ಎಡಕ್ಕೆ ಸರಿದ. ಎಡ ಚಕ್ರ ಕೆಳಗಿಳಿಯಿತು. ಗಾಬರಿಯಾಗಿ ಸ್ಟೇರಿಂಗ್ ಬಲಕ್ಕೆ ಎಳೆದ. ಚಕ್ರ ಅಂಚಿಗೆ ಉಜ್ಜುತ್ತೆ, ಹತ್ತಲ್ಲ. ಇನ್ನೂ ಜೋರಾಗಿ ಎಳೆದ. ತಟ್ಟನೆ ಹತ್ತಿತು! ಆದರೆ ಆಗ ಸ್ಟೇರಿಂಗ್ ಪೂರ್ತಿ ಬಲಕ್ಕಿದೆ. ಕಾರು ಬಾಣದ ಹಾಗೆ ಎದುರು ಬದಿಗೆ ನುಗ್ಗುತ್ತೆ. ಮತ್ತೆ ಎಡಕ್ಕೆ ಎಳೀತಾನೆ. ಕಾರು ಅಡ್ಡಡ್ಡಲಾಗಿ ಜಾರಿ, ಚಕ್ರ ಮಣ್ಣಲ್ಲಿ ಹೂತು, ಮಗುಚಿಕೊಳ್ಳುತ್ತೆ. ಇಷ್ಟೂ ಎರಡು ಮೂರು ಸೆಕೆಂಡಿನ ಆಟ.

ಹತ್ತಿಪ್ಪತ್ತು ವರ್ಷ ಗಾಡಿ ಓಡಿಸಿದವನಿಗೆ ಕೈ ಗೊತ್ತಿರುತ್ತೆ. ಚಕ್ರ ಇಳಿದರೆ ಎಳೀಬಾರದು, ಬ್ರೇಕ್ ತುಳಿದು ಹಾಕಬಾರದು, ಸ್ಟೇರಿಂಗ್ ನೆಟ್ಟಗೆ ಹಿಡಿದು ಆಕ್ಸಿಲರೇಟರ್ ಬಿಡಬೇಕು, ವೇಗ ಪೂರ್ತಿ ಇಳಿದ ಮೇಲೆ ಮೆಲ್ಲಗೆ ಹತ್ತಿಸಬೇಕು. ಇದನ್ನ ಯಾವ ಡ್ರೈವಿಂಗ್ ಸ್ಕೂಲಲ್ಲಿ ಹೇಳಿಕೊಡ್ತಾರೆ? ಮೈದಾನದಲ್ಲಿ ಎಂಟು ಹಾಕಿಸಿ ಲೈಸೆನ್ಸ್ ಕೊಟ್ಟು ಕಳಿಸ್ತೀವಿ.

ಅಮೆರಿಕದಲ್ಲಿ ಇದಕ್ಕೊಂದು ಪರಿಹಾರ ಬಂದಿದೆ. ಡಾಂಬರಿನ ಅಂಚನ್ನು ಕತ್ತರಿಸಿದ ಹಾಗೆ ಬಿಡದೆ, ಹಾಕುವಾಗಲೇ 30 ಡಿಗ್ರಿ ಇಳಿಜಾರು ಮಾಡಿಬಿಡ್ತಾರೆ. ಸೇಫ್ಟಿ ಎಡ್ಜ್ ಅಂತ ಅದರ ಹೆಸರು. ರಾಕೆಟ್ ವಿಜ್ಞಾನ ಏನಲ್ಲ. ನಮ್ಮಲ್ಲಿ ಪಕ್ಕಕ್ಕೆ ಎರಡು ಲೋಡ್ ಮಣ್ಣು ಹಾಕಿ ರೋಲರ್ ಹೊಡೆಸಿದರೂ ಬಹಳಷ್ಟು ಕಡೆ ಸಾಕಿತ್ತು.

ಇನ್ನು ತಿರುವು. ತಿರುವಿನಲ್ಲಿ ರಸ್ತೆಯ ಹೊರಅಂಚು ಎತ್ತರ ಇರಬೇಕು, ಒಳಗಿನದ್ದು ತಗ್ಗು. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಇದಕ್ಕೆ ಅಳತೆ ಕೊಟ್ಟಿದೆ. ಬಯಲು ಸೀಮೆಯಲ್ಲಿ ಈ ಓರೆ ಗರಿಷ್ಠ 7%. ಗಂಟೆಗೆ 100 ಕಿಲೋಮೀಟರ್ ವೇಗಕ್ಕೆ ರೂಪಿಸಿದ ರಸ್ತೆಯಾದರೆ ತಿರುವಿನ ತ್ರಿಜ್ಯ ಸುಮಾರು 360 ಮೀಟರ್ ಇರಬೇಕು. 80ಕ್ಕಾದರೆ 230. ವೇಗ ಎರಡರಷ್ಟಾದರೆ ಹೊರಗೆ ತಳ್ಳುವ ಬಲ ನಾಲ್ಕರಷ್ಟು. ಈಗ ನಾಲ್ಕೈದು ಕಿಲೋಮೀಟರ್ ನೆಟ್ಟಗೆ, ನುಣುಪಾಗಿ ರಸ್ತೆ ಕೊಟ್ಟು, ಆಮೇಲೆ ದಿಢೀರ್ ಅಂತ 60ರಲ್ಲಷ್ಟೇ ಹಿಡಿಯುವ ತಿರುವು ಇಟ್ಟು, ಫಲಕ ಹಾಕದಿದ್ದರೆ? ಹಾಕಿದ ಫಲಕವನ್ನು ಯಾರದ್ದೋ ಹುಟ್ಟುಹಬ್ಬದ ಫ್ಲೆಕ್ಸ್ ಮುಚ್ಚಿದ್ದರೆ? ರಸ್ತೆಯೇ ‘ಬಾ, ಓಡಿಸು’ ಅಂತ ಕರೆದು, ಆಮೇಲೆ ಕಾಲು ಕೊಟ್ಟ ಹಾಗಾಗಲಿಲ್ವಾ?

ಹುಡುಗರು ಬದುಕಿದ್ದು ಹೇಗೆ? ಪವಾಡ ಅಲ್ಲ. ಗೋಡೆಗೆ ಗುದ್ದಿದರೆ ಅಷ್ಟೂ ವೇಗ ಒಂದೇ ಕ್ಷಣಕ್ಕೆ ನಿಲ್ಲಬೇಕು. ಉರುಳುವ ಕಾರಿನ ವೇಗ ಒಂದೊಂದು ಉರುಳಿಗೂ ಸ್ವಲ್ಪ ಸ್ವಲ್ಪ ಇಳಿಯುತ್ತೆ. ಒಳಗೆ ಕೂತವರು ಒಳಗೇ ಇದ್ದರೆ ಬದುಕುವ ಅವಕಾಶ ಬಹಳ. ಸಾಯೋದು ಹೆಚ್ಚಾಗಿ ಹೊರಗೆ ಎಸೆಯಲ್ಪಟ್ಟವರು. ಒಳಗೆ ಹಿಡಿದಿಡುವುದು ಒಂದೇ, ಸೀಟ್ ಬೆಲ್ಟ್. 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು. ಅದರಲ್ಲಿ ಬೆಲ್ಟ್ ಹಾಕದೆ ಸತ್ತವರು 16,715. ಅವರಲ್ಲಿ ಹತ್ತಿರ ಹತ್ತಿರ ಅರ್ಧ ಜನ ಡ್ರೈವರ್‌ಗಳಲ್ಲ, ಪ್ರಯಾಣಿಕರು.

ಬೆಲ್ಟ್ ಹಾಕಿ ತಲೆಕೆಳಗಾಗಿ ನೇತಾಡ್ತಾ ಇದ್ದರೆ ಮಾತ್ರ ಒಂದು ಎಚ್ಚರ. ಗಾಬರಿಯಲ್ಲಿ ಫಟ್ ಅಂತ ಬಕಲ್ ಒತ್ತಬೇಡಿ. ಬೀಳೋದು ತಲೆ ಮೇಲೆ, ಮುರಿಯೋದು ಕತ್ತು. ಇಂಜಿನ್ ಆಫ್ ಮಾಡಿ, ಒಂದು ಕೈಯನ್ನು ಕಾರಿನ ಚಾವಣಿಗೆ ಗಟ್ಟಿಯಾಗಿ ಊರಿ, ಕಾಲು ಒತ್ತಿ ಹಿಡಿದು, ಆಮೇಲೆ ಬಿಚ್ಚಿ.

2022ರ ಸೆಪ್ಟೆಂಬರ್ 4 ನೆನಪಿದೆಯಾ? ಮಹಾರಾಷ್ಟ್ರದ ಪಾಲ್ಘರ್ ಹತ್ತಿರ ಸೂರ್ಯಾ ನದಿ ಸೇತುವೆಯಲ್ಲಿ ಟಾಟಾ ಸನ್ಸ್ ಮಾಜಿ ಅಧ್ಯಕ್ಷ ಸೈರಸ್ ಮಿಸ್ತ್ರಿ ಹೋದರು. ಅದು ಪಲ್ಟಿಯಲ್ಲ, ಸೇತುವೆಯ ಗೋಡೆಗೆ ಗುದ್ದಿದ್ದು. ಹಿಂದೆ ಬೆಲ್ಟ್ ಹಾಕದೆ ಕೂತಿದ್ದ ಇಬ್ಬರೂ ಸತ್ತರು, ಮುಂದಿನ ಇಬ್ಬರು ಬದುಕಿದರು. ದೇಶವೆಲ್ಲ ಬೆಲ್ಟ್ ಬಗ್ಗೆ ಮಾತಾಡಿತು, ಸರಿ. ಆದರೆ ಮೂರು ಲೇನಿನ ರಸ್ತೆ ಸೇತುವೆ ಬಂದ ಕೂಡಲೇ ಎರಡಾಗುತ್ತೆ ಅನ್ನುವುದನ್ನು ಎಷ್ಟು ಜನ ಎಷ್ಟು ದಿನ ಮಾತಾಡಿದರು?

ಕಾನೂನು ಇಲ್ವಾ? ಇದೆ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ 198ಎ ಅಂತ ಒಂದು ಕಲಂ ಸೇರಿಸಿದರು. ರಸ್ತೆಯ ವಿನ್ಯಾಸ, ನಿರ್ಮಾಣ, ನಿರ್ವಹಣೆಯಲ್ಲಿ ಸುರಕ್ಷತಾ ಮಾನದಂಡ ಪಾಲಿಸದೆ ಸಾವು ಅಥವಾ ಅಂಗವೈಕಲ್ಯ ಆದರೆ ಪ್ರಾಧಿಕಾರ, ಗುತ್ತಿಗೆದಾರ, ಸಲಹೆಗಾರ ಹೊಣೆ. ದಂಡ ಎಷ್ಟು? ಹೆಚ್ಚೆಂದರೆ 1 ಲಕ್ಷ ರೂಪಾಯಿ. ನೂರಾರು ಕೋಟಿ ಕಾಮಗಾರಿಗೆ! ಬೆಲ್ಟ್ ಹಾಕದ ಹುಡುಗನಿಗೆ ನಿಂತಲ್ಲೇ 1,000.

ಗಮನಿಸಿ, ‘ಸಾವು ಅಥವಾ ಅಂಗವೈಕಲ್ಯ’. ನಮ್ಮ ಹುಡುಗರಿಗೆ ಎರಡೂ ಆಗಲಿಲ್ಲ. ಬ್ಲ್ಯಾಕ್ ಸ್ಪಾಟ್ ಲೆಕ್ಕವೂ ಹಾಗೇ. ರಾಷ್ಟ್ರೀಯ ಹೆದ್ದಾರಿಯ ಸುಮಾರು 500 ಮೀಟರ್ ಉದ್ದದಲ್ಲಿ ಮೂರು ವರ್ಷದಲ್ಲಿ ಸಾವು ಅಥವಾ ತೀವ್ರ ಗಾಯದ ಐದು ಅಪಘಾತ ಆಗಬೇಕು, ಇಲ್ಲಾ ಹತ್ತು ಜನ ಸಾಯಬೇಕು. ಆಗ ಅದು ಕಪ್ಪುಪಟ್ಟಿಗೆ. ಗೀರು, ಒಂದು ಚಪ್ಪಲಿ, ನುಜ್ಜಾದ ಕಾರು ಇವಕ್ಕೆಲ್ಲ ಅಲ್ಲಿ ಸೊನ್ನೆ. ಬದುಕಿದವರೇ ‘ಇಲ್ಲಿ ರಸ್ತೆ ಸರಿ ಇಲ್ಲ’ ಅಂತ ಬಾಯಿಬಿಟ್ಟು ಹೇಳಬಲ್ಲವರು. ಅವರನ್ನೇ ಲೆಕ್ಕದಿಂದ ಬಿಟ್ಟುಬಿಟ್ಟಿದ್ದೀವಿ. ಅಪ್ಪನಿಗೆ ಗೊತ್ತಾಗಬಾರದು, ಇನ್ಶೂರೆನ್ಸ್ ಆದರೆ ಸಾಕು, ಪೊಲೀಸ್ ಸ್ಟೇಷನ್ ಸಹವಾಸ ಬೇಡ ಅಂತ ಅವರೂ ಸುಮ್ಮನಾಗ್ತಾರೆ. ಹೆದ್ದಾರಿ ಸಹಾಯವಾಣಿ 1033 ಇದೆ ಅನ್ನೋದು ಎಷ್ಟು ಜನಕ್ಕೆ ಗೊತ್ತು?

ಆ ತಿರುವಿಗೆ ನಮ್ಮ ವರದಿಗಾರರನ್ನು ಕಳಿಸಿದ್ದೆ. ಡಾಂಬರಿನ ಅಂಚಿಗೆ ಗೇಣು ಹಾಕಿ ಅಳೆದು ಫೋಟೊ ಕಳಿಸಿದರು. ಒಂದು ಗೇಣಿಗಿಂತ ಎರಡು ಬೆರಳು ಜಾಸ್ತಿ. ಇಲಾಖೆಯ ಫಲಕ ಯಾವುದೂ ಕಾಣಲಿಲ್ಲವಂತೆ. ಅಲ್ಲಿ ಎಳನೀರು ಮಾರುವವರೊಬ್ಬರು ಬಿದಿರು ಗಳಕ್ಕೆ ಕೆಂಪು ಬಟ್ಟೆ ಕಟ್ಟಿ ತಿರುವಿಗೆ ಸ್ವಲ್ಪ ಮುಂಚೆ ನೆಟ್ಟಿದ್ದಾರೆ. ಎರಡನೇ ಕಾರು ಬಿದ್ದಾಗ ನೆಟ್ಟಿದ್ದಂತೆ. ಮೂರನೆಯದು ರಾತ್ರಿ ಹೊತ್ತು ಬಂತು, ಬಟ್ಟೆ ಕಾಣಲಿಲ್ಲ.