ಅಕ್ಷರವೂ ಅಕ್ಷರದ ಚಿತ್ರವೂ

ಅಚ್ಚಾದ ಹಾಳೆಯೊಂದನ್ನು ಕೈಗೆತ್ತಿಕೊಂಡೊಡನೆ ಅದರಲ್ಲಿ ಅಕ್ಷರಗಳಿವೆಯೆಂದು ನಾವು ನಿಸ್ಸಂದೇಹವಾಗಿ ನಂಬುತ್ತೇವೆ. ಕಣ್ಣುಳ್ಳವರಿಗೆ ಅಷ್ಟು ನಂಬಿಕೆ ಸಾಕು. ದೃಷ್ಟಿಯಿಲ್ಲದವರಿಗೂ, ಬುದ್ಧಿ ಚುರುಕಾಗಿದ್ದರೂ ಅಚ್ಚಿನ ಸಾಲುಗಳು ಕಲಸಿಹೋಗುವವರಿಗೂ, ಪುಸ್ತಕ ಹಿಡಿದು ಪುಟ ತಿರುವಲು ಕೈ ಸಾಗದವರಿಗೂ ಅದು ಸಾಲದು.

ಈ ತೊಡಕಿಗೆ ಒಳ್ಳೆಯ ಪರಿಹಾರವನ್ನು ಕಂಡವನು ಫ್ರಾನ್ಸ್ ದೇಶದ ಲೂಯಿ ಬ್ರೈಲ್. ಎಳವೆಯಲ್ಲಿಯೇ ಕುರುಡನಾದ ಈತನು 1829ರಲ್ಲಿ ಪ್ರಕಟಿಸಿದ ಲಿಪಿಗೆ ಆರು ಉಬ್ಬುಚುಕ್ಕಿಗಳೇ ಆಧಾರ. ನಮ್ಮ ದೇಶಭಾಷೆಗಳಿಗೆ ಸಮಾನವಾದ ಭಾರತೀ ಬ್ರೈಲ್ 1951ರಲ್ಲಿ ನೆಲೆಗೊಂಡಿತು. ಅದರಲ್ಲಿ ‘ಕಿ’ ಎಂಬುದು ‘ಕ’, ‘ಇ’ ಎಂಬೆರಡು ಗುರುತುಗಳು. ತಲೆಯ ಮೇಲೆ ಗುಡಿಸಿಲ್ಲ, ಕೆಳಗೆ ಒತ್ತಿಲ್ಲ. ಲಿಪಿಯ ಸೊಬಗು ಹೋಯಿತೆಂದು ಮರುಗಬೇಕಾಗಿಲ್ಲ. ಬೆರಳಿಗೆ ಬೇಕಾದುದು ಸ್ಪಷ್ಟತೆ.

ಬ್ರೈಲ್ ಗ್ರಂಥಗಳು ಬಲು ದಪ್ಪ. ಅಲ್ಲದೆ ಆ ಲಿಪಿಯನ್ನು ಎಲ್ಲರೂ ಕಲಿತಿರುವುದಿಲ್ಲ. ಆದುದರಿಂದ ಈಗ ಅನೇಕರು ಗಣಕಯಂತ್ರದ ಧ್ವನಿಯನ್ನು ಆಶ್ರಯಿಸುತ್ತಾರೆ. ಪರದೆಯ ಬರಹವನ್ನು ಯಂತ್ರವೇ ಓದಿ ಹೇಳುತ್ತದೆ. ಕನ್ನಡಿಗರಾದ ನಾವು ಎಚ್ಚರವಹಿಸಬೇಕಾದ ಸ್ಥಳ ಇದೇ.

ಯಂತ್ರಕ್ಕೆ ಅಕ್ಷರದ ಆಕಾರ ಮುಖ್ಯವಲ್ಲ, ಅದರ ಸಂಖ್ಯೆ ಮುಖ್ಯ. ಯೂನಿಕೋಡ್ ಎಂಬ ಸಾರ್ವತ್ರಿಕ ಪದ್ಧತಿಯಲ್ಲಿ ‘ಕ’ಕಾರದ ಸಂಖ್ಯೆ 3221, ಯಾವ ದೇಶದ ಯಂತ್ರದಲ್ಲಿಯೂ ಅದು ‘ಕ’ಕಾರವೇ. ಹಳೆಯ ಕನ್ನಡ ಫಾಂಟುಗಳ ಕ್ರಮ ಬೇರೆ. ಅವು ಐರೋಪ್ಯ ಗುರುತುಗಳಿಗೆ ಕನ್ನಡದ ವೇಷ ತೊಡಿಸಿದವು. ನುಡಿ ಫಾಂಟಿನ ಹಳೆಯ ಕ್ರಮದಲ್ಲಿ ‘ಕನ್ನಡ’ ಎಂದು ಬೆರಳಚ್ಚು ಮಾಡಿದರೆ ಒಳಗೆ ಮೊದಲು ಕುಳಿತುಕೊಳ್ಳುವುದು ಇಂಗ್ಲಿಷಿನ ‘ಪಿ’ ಅಕ್ಷರ. ‘ನ’ಕಾರದ ಜಾಗದಲ್ಲಿ ಇಂಗ್ಲೆಂಡಿನ ಪೌಂಡು ಹಣದ ಚಿಹ್ನೆ! ಅಂದು ಬೇರೆ ದಾರಿಯಿರಲಿಲ್ಲವಾಗಿ ಆ ಉಪಾಯವನ್ನು ಹಳಿಯಲಾಗದು. ಆದರೆ ಇಂದಿಗೂ ಹಾಗೆ ಬರೆದುದು ಕಣ್ಣಿಗೆ ಕನ್ನಡ, ಕಿವಿಗೆ ಗೊಂದಲ.

ಛಾಯಾಪ್ರತಿಯ ಕಡತದ ಪಾಡು ಇನ್ನೂ ಕಷ್ಟ. ಅದು ಅಕ್ಷರಗಳ ಚಿತ್ರವೇ ಹೊರತು ಅಕ್ಷರಗಳಲ್ಲ. ಯಂತ್ರವು ಅದರೆದುರು ಮೌನವಾಗುತ್ತದೆ. ಚಿತ್ರದಿಂದ ಅಕ್ಷರವನ್ನು ಗುರುತಿಸುವ ತಂತ್ರಾಂಶಗಳುಂಟು. ಆದರೆ ‘ಪ’ಕ್ಕೂ ‘ಷ’ಕ್ಕೂ ಹೊಟ್ಟೆಯೊಳಗಿನ ಒಂದು ಗೀಟಷ್ಟೇ ಭೇದ; ಮಸುಕಾದ ಪ್ರತಿಯಲ್ಲಿ ಆ ಗೀಟು ಉಳಿಯುವುದೆಂಬ ಭರವಸೆಯಿಲ್ಲ. ಒತ್ತಕ್ಷರಗಳ ಮಾತಂತೂ ಹೇಳಬೇಕಾಗಿಲ್ಲ. ಕೊನೆಗೆ ಕನ್ನಡ ಬಲ್ಲವರೊಬ್ಬರು ಕುಳಿತು ತಿದ್ದಲೇಬೇಕು.

ಅಕ್ಷರ ಸರಿಯಾದ ಮೇಲೆ ಕಟ್ಟಡವೂ ಸರಿಯಾಗಿರಬೇಕು. ಶೀರ್ಷಿಕೆಯನ್ನು ದಪ್ಪಕ್ಷರದಲ್ಲಿ ಬರೆದರೆ ಸಾಲದು, ಅದು ಶೀರ್ಷಿಕೆಯೆಂದು ಯಂತ್ರಕ್ಕೂ ತಿಳಿಸಬೇಕು. ಇಲ್ಲವಾದರೆ ಹನ್ನೆರಡನೆಯ ಅಧ್ಯಾಯ ಬೇಕಾದವರು ಹಿಂದಿನ ಹನ್ನೊಂದರಲ್ಲಿಯೂ ತಡವರಿಸಬೇಕಾಗುತ್ತದೆ. ಚಿತ್ರಗಳಿಗೆ ಎರಡು ಸಾಲಿನ ವರ್ಣನೆಯೂ ಇರತಕ್ಕದ್ದು.

ಕಾನೂನಿನ ತಡೆಯೆಂಬ ನೆಪವೂ ಉಳಿದಿಲ್ಲ. ಕೃತಿಸ್ವಾಮ್ಯದ ಕಾಯಿದೆಗೆ 2012ರಲ್ಲಿ ಆದ ತಿದ್ದುಪಡಿಯಂತೆ, ಲಾಭದಾಸೆಯಿಲ್ಲದೆ ಇಂಥವರಿಗಾಗಿ ಪುಸ್ತಕವನ್ನು ಬೇರೆ ರೂಪಕ್ಕೆ ತರಲು ಗ್ರಂಥಕರ್ತನ ಅಪ್ಪಣೆ ಬೇಡ. 2013ರ ಮರಾಕೆಶ್ ಒಪ್ಪಂದವನ್ನು ಎಲ್ಲರಿಗಿಂತ ಮೊದಲು ಸ್ಥಿರೀಕರಿಸಿದ್ದು, 2014ರಲ್ಲಿ, ಭಾರತವೇ.

ಆದರೂ ಅಧ್ಯಾಪಕರಾದ ನಾವು ಕಾಣುವುದೇನು? ತರಗತಿಯ ಟಿಪ್ಪಣಿಗಳು ಛಾಯಾಪ್ರತಿಗಳಾಗಿಯೇ ಬರುತ್ತವೆ. ಕಣ್ಣುಳ್ಳ ಹುಡುಗನು ಅದೇ ರಾತ್ರಿ ಓದಿ ಮುಗಿಸುತ್ತಾನೆ. ಕಣ್ಣಿಲ್ಲದವನು, ಓದಿ ಹೇಳುವ ಗೆಳೆಯನಿಗೆ ಬಿಡುವಾಗುವ ತನಕ ಕಾಯುತ್ತಾನೆ. ಆ ಗೆಳೆಯನಿಗೂ ಪರೀಕ್ಷೆ ಅದೇ ವಾರ.