ಎರಡನೆಯ ಹಡಗು

ಸರಕಾರಿ ಕಚೇರಿಯಲ್ಲಿ ಗುಮಾಸ್ತಿಕೆ ಮಾಡುವ ನಮ್ಮಂಥವರಿಗೆ ಒಂದು ಸಂಗತಿ ಚೆನ್ನಾಗಿ ಗೊತ್ತು. ರುಜುವಾಗಿ, ಮೊಹರು ಬಿದ್ದು, ರವಾನೆಯಾದ ಹುಕುಮನ್ನು ಹಿಂದಕ್ಕೆ ತರಿಸುವುದು ಬಲು ಕಷ್ಟ. ಬಿ. ಎ. ತರಗತಿಯಲ್ಲಿ ಪರೀಕ್ಷೆಗೆಂದು ಓದಿ ಮರೆತಿದ್ದ ಥ್ಯೂಸಿಡಿಡೀಸನ ಇತಿಹಾಸವನ್ನು ಈಚೆಗೆ ಮತ್ತೆ ಕೈಗೆತ್ತಿಕೊಂಡಾಗ ಈ ಮಾತು ನಮ್ಮ ಮನಸ್ಸಿಗೆ ಬಂದಿತು.

ಕ್ರಿ. ಪೂ. ೪೩೧ರಲ್ಲಿ ಅಥೆನ್ಸಿಗೂ ಸ್ಪಾರ್ಟಾಕ್ಕೂ ಹತ್ತಿದ ಯುದ್ಧ ೨೭ ವರ್ಷ ನಡೆಯಿತು. ಅದನ್ನು ಬರೆದ ಥ್ಯೂಸಿಡಿಡೀಸ್ ಅಥೆನ್ಸಿನವನೇ, ಸೇನಾಪತಿಯೂ ಆಗಿದ್ದ. ಕ್ರಿ. ಪೂ. ೪೨೪ರಲ್ಲಿ ಆಂಫಿಪೊಲಿಸ್ ಪಟ್ಟಣವನ್ನು ಉಳಿಸಲಾರದೆ ೨೦ ವರ್ಷ ದೇಶಭ್ರಷ್ಟನಾದ. ಊರಿಂದ ಹೊರಗಿದ್ದುದರಿಂದಲೇ ಎರಡು ಪಕ್ಷಗಳ ಸಮಾಚಾರವನ್ನೂ ತಿಳಿಯಲು ಅನುಕೂಲವಾಯಿತೆಂದು ಆತನೇ ಹೇಳಿಕೊಂಡಿದ್ದಾನೆ. ತನ್ನೂರಿನ ತಪ್ಪನ್ನು ಅವನು ಮುಚ್ಚಿಡಲಿಲ್ಲ.

ಲೆಸ್ಬಾಸ್ ದ್ವೀಪದ ಮಿಟಿಲೀನ್ ಅಥೆನ್ಸಿನ ಮಿತ್ರನಗರ. ಕ್ರಿ. ಪೂ. ೪೨೮ರಲ್ಲಿ ಅದು ತಿರುಗಿಬಿದ್ದು, ಮರುವರ್ಷ ಶರಣಾಯಿತು. ಕೋಪದ ಭರದಲ್ಲಿ ಅಥೆನ್ಸಿನ ಜನಸಭೆಯು ಆ ಊರಿನ ಗಂಡಸರನ್ನೆಲ್ಲ ಕೊಂದು, ಹೆಂಗಸರು ಮಕ್ಕಳನ್ನು ಗುಲಾಮರನ್ನಾಗಿ ಮಾಡಬೇಕೆಂದು ನಿರ್ಣಯಿಸಿತು. ಹುಕುಮು ಹೊತ್ತ ಹಡಗು ಹೊರಟೇಬಿಟ್ಟಿತು.

ಬೆಳಗಾಗುವುದರೊಳಗೆ ಜನರಿಗೆ ಕಳವಳ ಹತ್ತಿತು. ತಪ್ಪಿತಸ್ಥರನ್ನು ದಂಡಿಸುವುದಿರಲಿ, ಇಡೀ ಊರನ್ನೇ ಕೊಲ್ಲುವುದೆ? ಸಭೆ ಮತ್ತೆ ಸೇರಿತು. ನಿರ್ಣಯ ಬದಲಿಸಬಾರದು, ಕನಿಕರದಿಂದ ಸಾಮ್ರಾಜ್ಯಕ್ಕೆ ಕೇಡು ಎಂದು ಕ್ಲಿಯಾನ್ ವಾದಿಸಿದ. ಡಯೊಡೋಟಸ್ ಎಂಬಾತ ಎದ್ದು, ಆತುರ ಮತ್ತು ಕೋಪ ಒಳ್ಳೆಯ ಆಲೋಚನೆಗೆ ಶತ್ರುಗಳೆಂದ. ಅವನೂ ದಯೆ ತೋರಿಸಿರೆಂದು ಬೇಡಲಿಲ್ಲ. ಶರಣಾದರೂ ಸಾವೇ ಗತಿಯಾದರೆ ಮುಂದೆ ಯಾವ ಊರು ತಾನೇ ಶರಣಾದೀತು ಎಂದು ಲಾಭನಷ್ಟದ ಲೆಕ್ಕವನ್ನೇ ಮುಂದಿಟ್ಟ. ಕೈಯೆತ್ತಿ ಮತ ಹಾಕಿದಾಗ ಎರಡು ಕಡೆಯೂ ಹೆಚ್ಚುಕಡಮೆ ಸಮಸಮವಾಗಿದ್ದು, ಡಯೊಡೋಟಸನ ಮಾತು ಗೆದ್ದಿತು.

ಮೊದಲ ಹಡಗು ಸುಮಾರು ಒಂದು ಹಗಲು ಒಂದು ರಾತ್ರಿಯಷ್ಟು ಮುಂದಿತ್ತು. ಎರಡನೆಯದು ಬೆನ್ನಟ್ಟಿತು. ಅಂಬಿಗರು ದ್ರಾಕ್ಷಾರಸ, ಎಣ್ಣೆಗಳಲ್ಲಿ ಕಲಸಿದ ಬಾರ್ಲಿ ಹಿಟ್ಟನ್ನು ಹುಟ್ಟು ಹಾಕುತ್ತಲೇ ತಿಂದರು. ಸರದಿಯ ಮೇಲೆ ಮಲಗಿದರು. ಮೊದಲ ಹಡಗಿನವರಿಗೋ ಆ ಕ್ರೂರ ಕೆಲಸಕ್ಕೆ ಅವಸರವಿರಲಿಲ್ಲ. ಸೇನಾಪತಿ ಪಾಕೀಸ್ ಹುಕುಮನ್ನು ಓದಿ ಇನ್ನೇನು ಜಾರಿಗೆ ತರಬೇಕೆನ್ನುವಾಗ ಎರಡನೆಯ ಹಡಗು ದಡ ಸೇರಿತು. ಊರು ಉಳಿಯಿತು. ಆದರೂ ದಂಗೆಯ ಮುಖಂಡರೆಂದು ಸಾವಿರಕ್ಕೂ ಮೇಲ್ಪಟ್ಟು ಜನರನ್ನು ಕೊಂದರೆಂದು ಗ್ರಂಥದಲ್ಲಿದೆ.

ಕ್ರಿ. ಪೂ. ೪೧೬ರಲ್ಲಿ ಮೀಲಾಸ್ ಎಂಬ ಪುಟ್ಟ ದ್ವೀಪ ಅಥೆನ್ಸಿಗೆ ತಲೆಬಾಗಲಿಲ್ಲ. ಮುತ್ತಿಗೆ ಹಾಕಿ ಗೆದ್ದು, ಕೈಗೆ ಸಿಕ್ಕ ಗಂಡಸರನ್ನೆಲ್ಲ ಕೊಂದರು. ಅಲ್ಲಿಗೆ ಎರಡನೆಯ ಹಡಗು ಬರಲಿಲ್ಲ. ಥ್ಯೂಸಿಡಿಡೀಸನ ಬರಹ ಕ್ರಿ. ಪೂ. ೪೧೧ರ ಸಂಗತಿಗಳಿಗೇ ನಿಂತುಹೋಗಿದೆ. ಮುಂದಿನದನ್ನು ಬರೆದ ಕ್ಸೆನೊಫಾನ್ ಹೇಳುವಂತೆ, ಕ್ರಿ. ಪೂ. ೪೦೫ರಲ್ಲಿ ತಮ್ಮ ನೌಕಾಪಡೆ ನಾಶವಾದ ಸುದ್ದಿ ಬಂದ ರಾತ್ರಿ ಅಥೆನ್ಸಿನಲ್ಲಿ ಯಾರೂ ಮಲಗಲಿಲ್ಲ. ಮೀಲಾಸಿನವರಿಗೆ ತಾವು ಮಾಡಿದ್ದೇ ತಮಗೂ ಬಂದೀತೆಂದು ಅಂಜಿದರು.

ಪರಸ್ಥಳದಲ್ಲಿರುವ ನಾವು ಊರಿನ ಮನೆ ಹೊಲದ ಪಾಲಿನ ವಿಷಯವಾಗಿ ಅಣ್ಣತಮ್ಮಂದಿರಿಗೆ ಕೋಪದ ಕಾಗದ ಬರೆದು ಅಂಚೆಗೆ ಹಾಕಿದವರೇ. ಆ ಕಾಗದದ ಬೆನ್ನಿಗೇ ಇನ್ನೊಂದನ್ನು ಬರೆಯಲು ನಾಚಬೇಕಾಗಿಲ್ಲ. ತಡಮಾಡಬಾರದು, ಅಷ್ಟೆ.